ನಾಯಿಯ ನಡತೆ, ಒಡೆಯನ ಹೊಣೆ

ಹಾಸನ ಸೀಮೆಯ ಒಕ್ಕಲುಮನೆಗಳಲ್ಲಿ ನಾಯಿಯು ಬಹುಕಾಲದಿಂದ ಸಂಸಾರದ ಒಂದು ಅಂಗವಾಗಿ ಬಾಳಿಕೊಂಡು ಬಂದಿದೆ. ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟಗಳಲ್ಲಿ ಇರುಳೆಲ್ಲ ಎಚ್ಚರವಾಗಿದ್ದು ಕಾಯಿ ಕದಿಯುವವರನ್ನು ದೂರವಿರಿಸುವುದು, ಅರಕಲಗೂಡಿನ ಹೊಗೆಸೊಪ್ಪಿನ ಹೊಲಗಳ ನಡುವಣ ಒಂಟಿಮನೆಗಳಲ್ಲಿ ಹೊಸಬರ ಸುಳಿವನ್ನು ಮನೆಯವರಿಗಿಂತ ಮುಂಚೆ ಅರಿತು ಕೂಗಿ ತಿಳಿಸುವುದು, ಹೊಳೆನರಸೀಪುರದ ಬಯಲಿನಲ್ಲಿ ಕುರಿಮಂದೆಯ ಹಿಂದುಮುಂದು ಸುತ್ತಿ ಚದುರಿದ ಮರಿಗಳನ್ನು ಒಂದುಗೂಡಿಸುವುದು, ಇವೆಲ್ಲವನ್ನೂ ಅದು ಯಾವ ಗುರುವಿನ ಬಳಿಯಲ್ಲಿಯೂ ಕಲಿಯದೆ, ಹಿರಿಯ ನಾಯಿಗಳ ನಡೆಯನ್ನು ನೋಡಿ, ಒಡೆಯನ ದಿನಚರಿಗೆ ತನ್ನ ದಿನಚರಿಯನ್ನು ಹೊಂದಿಸಿಕೊಂಡು ಸಾಧಿಸುತ್ತಿತ್ತು. ಅದಕ್ಕೆ ಓಡಾಡಲು ನೆಲವಿತ್ತು, ಮಾಡಲು ಕೆಲಸವಿತ್ತು.

ಈಗ ಹಾಸನದ ಹೊಸ ಬಡಾವಣೆಗಳಲ್ಲಿಯೂ ತಾಲ್ಲೂಕು ಕೇಂದ್ರಗಳ ಒತ್ತೊತ್ತಾದ ಬೀದಿಗಳಲ್ಲಿಯೂ ಅದೇ ಪ್ರಾಣಿಯು ಬೇರೊಂದು ಸ್ಥಿತಿಯಲ್ಲಿ ಕಾಣಿಸುತ್ತಿದೆ. ಮೂವತ್ತು ನಲವತ್ತಡಿಯ ನಿವೇಶನದ ಮನೆ, ಅದರ ಮುಂದೆ ಕಾರು ನಿಲ್ಲುವಷ್ಟು ಜಾಗ, ಅಲ್ಲಿಯೇ ಒಂದು ಲ್ಯಾಬ್ರಡಾರ್ ಅಥವಾ ಜರ್ಮನ್ ಷೆಫರ್ಡ್ ಅಥವಾ ರಾಟ್‌ವೀಲರ್. ಮರಿಯಾಗಿದ್ದಾಗ ಎಲ್ಲರ ಮಡಿಲಲ್ಲಿಯೂ ಮಲಗಿದ್ದ ಆ ಜೀವವು ಎಂಟು ತಿಂಗಳಾಗುವಷ್ಟರಲ್ಲಿ ಹಾಲು ತರುವವರ ಮೇಲೆ ಎಗರುತ್ತದೆ, ಗೇಟಿನ ಬಳಿ ಸುಳಿಯುವ ಮಕ್ಕಳನ್ನು ಬೆದರಿಸುತ್ತದೆ, ಇರುಳೆಲ್ಲ ಬೊಗಳಿ ನೆರೆಯವರ ನಿದ್ದೆ ಕೆಡಿಸುತ್ತದೆ. ಆಗ ಯಜಮಾನರು ನಾಯಿಗೆ ಪಾಠ ಹೇಳಲು ಯಾರಾದರೂ ಸಿಕ್ಕುವರೇ ಎಂದು ಹುಡುಕತೊಡಗುತ್ತಾರೆ. ಆದರೆ ಪಾಠವು ನಾಯಿಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚಾಗಿ ಆ ಮನೆಗೆ ಬೇಕು. ನಾಯಿಯ ನಡತೆಯು ಒಡೆಯನ ಹೊಣೆಯೆಂಬ ತತ್ತ್ವವನ್ನು ಅರಿಯದವನಿಗೆ ಯಾವ ತರಬೇತಿಯೂ, ಯಾವ ಕಾನೂನೂ ನೆರವಾಗಲಾರದು.

ನಾಯಿಯ ಸ್ವಭಾವದ ಬಹುಭಾಗವು ಅದರ ಶೈಶವದಲ್ಲಿಯೇ ರೂಪುಗೊಳ್ಳುತ್ತದೆ. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಮರಿಯು ಯಾವ ಯಾವ ಮುಖಗಳನ್ನು, ಸದ್ದುಗಳನ್ನು, ವಾಸನೆಗಳನ್ನು ನಿರ್ಭಯವಾಗಿ ಪರಿಚಯಿಸಿಕೊಳ್ಳುವುದೋ ಅವೆಲ್ಲವೂ ಮುಂದೆ ಅದರ ಪಾಲಿಗೆ ಲೋಕದ ಸಹಜ ಅಂಗಗಳಾಗುತ್ತವೆ. ಆ ಅವಧಿಯಲ್ಲಿ ಕಾಣದುದೆಲ್ಲವೂ ಶಂಕೆಗೆ ಕಾರಣವಾಗುವ ಸಂಭವ ಹೆಚ್ಚು. ಆದುದರಿಂದ ಕೊಡೆ ಹಿಡಿದ ಮುದುಕರು, ಹೆಲ್ಮೆಟ್ ತೊಟ್ಟ ಸವಾರರು, ಶಾಲೆಯ ಮಕ್ಕಳ ಗದ್ದಲ, ಹೆದ್ದಾರಿಯ ಲಾರಿಗಳ ಹಾರನ್ನು, ಊರಹಬ್ಬದ ತಮಟೆ, ಇವೆಲ್ಲವನ್ನೂ ಮರಿಗೆ ದೂರದಿಂದ ತೋರಿಸಿ, ಅದು ಹೆದರದಂತೆ ಹಂತಹಂತವಾಗಿ ಹತ್ತಿರಕ್ಕೆ ಕರೆದೊಯ್ಯಬೇಕು. ಲಸಿಕೆಗಳು ಮುಗಿಯುವ ತನಕ ಬೀದಿಯ ನೆಲದಲ್ಲಿ ಬಿಡದೆ ಎತ್ತಿಕೊಂಡೇ ಇದನ್ನು ಮಾಡಬಹುದು. ಬೆಳೆದ ನಾಯಿಯ ಕಚ್ಚುವಿಕೆಯನ್ನು ನಾವು ಕೋಪವೆಂದು ಕರೆಯುತ್ತೇವೆ. ವಿಚಾರಿಸಿ ನೋಡಿದರೆ ಅದು ಬಹುಮಟ್ಟಿಗೆ ಭಯ.

ಶಿಕ್ಷಣದ ಕ್ರಮವಾದರೂ ಅತ್ಯಂತ ಸರಳವಾದುದು. ಕುಳಿತುಕೊಳ್ಳುವುದನ್ನು ಕಲಿಸಬೇಕಾದರೆ ಬೇಯಿಸಿದ ಕೋಳಿಯ ಒಂದು ಸಣ್ಣ ಚೂರನ್ನು ಬೆರಳ ತುದಿಯಲ್ಲಿ ಹಿಡಿದು ಮರಿಯ ಮೂಗಿನ ಮುಂದೆ ತಂದು, ನಿಧಾನವಾಗಿ ತಲೆಯ ಮೇಲಿನಿಂದ ಹಿಂದಕ್ಕೆ ಸರಿಸಬೇಕು. ಕಣ್ಣು ಚೂರನ್ನು ಹಿಂಬಾಲಿಸಿ ತಲೆ ಮೇಲಕ್ಕೇರಿದಂತೆ ಹಿಂಭಾಗವು ತಾನಾಗಿಯೇ ನೆಲಕ್ಕಿಳಿಯುತ್ತದೆ. ಅದು ನೆಲ ಮುಟ್ಟಿದ ಕ್ಷಣದಲ್ಲಿಯೇ ‘ಭೇಷ್’ ಎಂದು ಹೇಳಿ ಚೂರನ್ನು ಬಾಯಿಗೆ ಕೊಡಬೇಕು. ಎರಡು ಕ್ಷಣ ತಡವಾದರೂ ಮರಿಯು ಎದ್ದು ನಿಂತಿರುತ್ತದೆ, ಕೊಟ್ಟ ಬಹುಮಾನವು ಎದ್ದುದಕ್ಕೆ ಸಂದಂತಾಗುತ್ತದೆ. ಹೀಗೆ ಐದು ಹತ್ತು ನಿಮಿಷಗಳ ಪಾಠ, ದಿನಕ್ಕೆ ಎರಡು ಮೂರು ಸಲ. ಚಲನೆಯು ಕೈಗೂಡಿದ ಮೇಲೆ ಮಾತನ್ನು ಸೇರಿಸುವುದು, ಮಾತು ತಿಳಿದ ಮೇಲೆ ತಿಂಡಿಯನ್ನು ಒಮ್ಮೆ ಕೊಟ್ಟು ಒಮ್ಮೆ ಬಿಡುವುದು, ಅಂಗಳದಲ್ಲಿ ಕಲಿತುದನ್ನು ಬೀದಿಯಲ್ಲಿಯೂ ಅನಂತರ ಸಂತೆಯ ಸದ್ದಿನಲ್ಲಿಯೂ ಅಭ್ಯಾಸ ಮಾಡಿಸುವುದು, ಇದೇ ಮಾರ್ಗ. ಕರೆದಾಗ ಬರುವುದು, ಹೇಳಿದಲ್ಲಿ ನಿಲ್ಲುವುದು, ಬಾಯಲ್ಲಿರುವುದನ್ನು ಬಿಡುವುದು, ಹಗ್ಗವನ್ನು ಜಗ್ಗದೆ ಜೊತೆಯಲ್ಲಿ ನಡೆಯುವುದು, ಈ ನಾಲ್ಕನ್ನೂ ಕುಳಿತುಕೊಳ್ಳುವುದರೊಡನೆ ಕಲಿತ ನಾಯಿಯು ಯಾವ ಊರಿನಲ್ಲಿಯೂ ಗೌರವದಿಂದ ಬಾಳಬಲ್ಲದು.

ಇಲ್ಲಿ ಮನೆಮಂದಿಯ ಒಮ್ಮತವೇ ಮುಖ್ಯ. ಅಜ್ಜಿಯು ‘ಕೂತ್ಕೊ’ ಎಂದೂ, ಮಗನು ‘ಸಿಟ್’ ಎಂದೂ, ಯಜಮಾನರು ‘ಏಯ್’ ಎಂದೂ ಹೇಳುತ್ತಿದ್ದರೆ, ಊಟದ ವೇಳೆಯಲ್ಲಿ ಒಬ್ಬರು ಗದರಿಸಿ ಮತ್ತೊಬ್ಬರು ತಟ್ಟೆಯಿಂದ ತುತ್ತೆಸೆಯುತ್ತಿದ್ದರೆ, ನಾಯಿಯು ಯಾವುದನ್ನು ವಿಧಿಯೆಂದು ತಿಳಿಯಬೇಕು? ಭಾಷೆ ಯಾವುದಾದರೂ ಆಗಲಿ, ಒಂದು ಕ್ರಿಯೆಗೆ ಮನೆಯಲ್ಲೆಲ್ಲ ಒಂದೇ ಮಾತಿರಬೇಕು. ಶೌಚದ ಅಭ್ಯಾಸವೂ ಹೀಗೆಯೇ: ನಿದ್ದೆಯಿಂದೆದ್ದೊಡನೆ, ಉಂಡೊಡನೆ, ಆಟವಾಡಿದೊಡನೆ ನಿಯತವಾದ ಒಂದೇ ಜಾಗಕ್ಕೆ ಕರೆದೊಯ್ದು, ಕೆಲಸ ಮುಗಿದಾಗ ಹೊಗಳಿದರೆ ಕೆಲವು ವಾರಗಳಲ್ಲಿ ಅದು ನೆಲೆಗೊಳ್ಳುತ್ತದೆ. ತಪ್ಪಿದುದಕ್ಕೆ ಮೂಗನ್ನು ಹೊಲಸಿಗೆ ತಿಕ್ಕುವುದು ಅಜ್ಞಾನವೂ ಕ್ರೌರ್ಯವೂ ಆಗಿರುವುದಲ್ಲದೆ, ಒಡೆಯನ ಕಣ್ಣಿಗೆ ಮರೆಯಾಗಿ ಮಂಚದಡಿಯಲ್ಲಿ ಹೇಸಿಗೆ ಮಾಡುವುದನ್ನು ಮಾತ್ರ ಕಲಿಸುತ್ತದೆ.

ಹಗಲೆಲ್ಲ ಮೊಳದುದ್ದದ ಸರಪಳಿಯಲ್ಲಿ ಕಟ್ಟಿ ಇರುಳಲ್ಲಿ ಬಿಚ್ಚಿಬಿಡುವ ರೂಢಿಯು ನಮ್ಮ ತೋಟದ ಮನೆಗಳಲ್ಲಿ ಇನ್ನೂ ಉಳಿದಿದೆ. ಹೀಗೆ ಕಟ್ಟಿದರೆ ನಾಯಿ ಚುರುಕಾಗುತ್ತದೆಂಬುದು ಜನರ ನಂಬಿಕೆ. ವಾಸ್ತವದಲ್ಲಿ ಓಡಲೂ ಆಗದೆ ಅಡಗಲೂ ಆಗದೆ ಬೆಂದ ಮನಸ್ಸು ಅದರದು, ಬಿಚ್ಚಿದೊಡನೆ ಅದು ಕಳ್ಳನನ್ನೂ ಮನೆಗೆ ಬಂದ ನೆಂಟನನ್ನೂ ಬೇರೆಮಾಡಿ ನೋಡುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಚಿರತೆಯ ಸಂಚಾರವಿರುವ ಭಾಗಗಳಲ್ಲಂತೂ ಕಟ್ಟಿಹಾಕಿದ ನಾಯಿಯು ಅದಕ್ಕೆ ಸುಲಭದ ಆಹಾರ. ಭದ್ರವಾದ ಬಾಗಿಲಿನ ಗೂಡು ಇರುಳಿಗೆ, ಬೇಲಿಯೊಳಗಿನ ಬಯಲು ಹಗಲಿಗೆ, ಒಡೆಯನೊಡನೆ ಒಂದು ಸುತ್ತು ನಡಿಗೆ ಬೆಳಗು ಬೈಗಿಗೆ, ಇಷ್ಟನ್ನಾದರೂ ಕಲ್ಪಿಸಲಾರದವನು ನಾಯಿಯನ್ನು ತರಬಾರದು.

ವೃತ್ತಿಯಾಗಿ ತರಬೇತಿ ಕೊಡುವವರ ನೆರವನ್ನು ಪಡೆಯುವುದು ಒಳ್ಳೆಯದೇ. ಶಿಸ್ತಿನ ಶಿಕ್ಷಣದಿಂದ ಶ್ವಾನವು ಯಾವ ಎತ್ತರವನ್ನು ಮುಟ್ಟಬಲ್ಲದೆಂಬುದನ್ನು 2020ರಲ್ಲಿ ದಾವಣಗೆರೆ ಪೊಲೀಸರ ‘ತುಂಗಾ’ ಎಂಬ ಡಾಬರ್‌ಮನ್ ನಾಡಿಗೇ ತೋರಿಸಿಕೊಟ್ಟಿತು. ಕೊಲೆಯೊಂದರ ಜಾಡನ್ನು ಹಿಡಿದು ಹತ್ತು ಕಿಲೋಮೀಟರಿಗೂ ಮೀರಿ ಓಡಿ ಆರೋಪಿಯಿದ್ದ ಸ್ಥಳವನ್ನು ಅದು ತಲುಪಿತು. ಆದರೆ ಅಂತಹ ನಾಯಿಯ ಹಿಂದೆ ಅದರೊಡನೆಯೇ ದಿನಗಳೆಯುವ ಪಾಲಕನೊಬ್ಬನಿರುತ್ತಾನೆಂಬುದನ್ನು ಮರೆಯಬಾರದು. ನಮ್ಮ ದೇಶದಲ್ಲಿ ನಾಯಿಯ ತರಬೇತುದಾರನಾಗಲು ಕಡ್ಡಾಯವಾದ ಸರ್ಕಾರಿ ಪರವಾನಗಿಯಿಲ್ಲ. ಆದುದರಿಂದ ಆರಿಸುವ ವಿವೇಕವು ಒಡೆಯನದೇ. ಪಾಠವನ್ನು ನಿಮ್ಮ ಕಣ್ಣೆದುರಿಗೇ ನಡೆಸುವವರು, ಮನೆಯವರ ಕೈಗೆ ಹಗ್ಗವನ್ನು ಕೊಟ್ಟು ಅವರಿಂದಲೇ ಮಾಡಿಸುವವರು, ಲಸಿಕೆಯ ಚೀಟಿಯನ್ನು ಮೊದಲು ಕೇಳುವವರು ನಂಬಿಕೆಗೆ ಅರ್ಹರು. ಮುಳ್ಳಿನ ಪಟ್ಟಿ, ವಿದ್ಯುತ್ತಿನ ಪಟ್ಟಿ, ಬೆತ್ತ, ಉಪವಾಸ, ಇವುಗಳಿಂದ ಹದಕ್ಕೆ ತರುವೆನೆನ್ನುವವರನ್ನೂ, ನಾಯಿಯನ್ನು ತಿಂಗಳುಗಟ್ಟಲೆ ಎಲ್ಲಿಗೋ ಒಯ್ದು ‘ಸಿದ್ಧ’ ಮಾಡಿ ತರುವೆನೆನ್ನುವವರನ್ನೂ ದೂರವಿರಿಸುವುದೇ ಲೇಸು.

ಮನೆಗೆ ತಕ್ಕ ನಾಯಿಯನ್ನು ಆರಿಸುವುದೂ ಹೊಣೆಯ ಒಂದು ಭಾಗ. ಹಿಮಪ್ರದೇಶದ ದಟ್ಟ ಕೂದಲಿನ ಹಸ್ಕಿಯನ್ನು ತಂದು ಬೇಸಗೆಯಲ್ಲಿ ಬಳಲಿಸುವುದಕ್ಕಿಂತ, ಈ ನೆಲದ ಹವೆಗೆ ಒಗ್ಗಿದ ನಾಟಿ ನಾಯಿಯನ್ನು ಸಾಕುವುದು ಉತ್ತಮ. ನಮ್ಮದೇ ರಾಜ್ಯದ ಮುಧೋಳ ನಾಯಿಯ ಹೆಸರು ಲೋಕಪ್ರಸಿದ್ಧ. 2005ರಲ್ಲಿ ಅಂಚೆ ಇಲಾಖೆಯು ಅದರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು, ಭಾರತೀಯ ಸೇನೆಯೂ ಅದನ್ನು ತರಬೇತಿಗೆ ತೆಗೆದುಕೊಂಡಿತು. ಆದರೆ ಅದು ಬೇಟೆಗಾಗಿ ಬೆಳೆದ ಓಟದ ತಳಿ, ಇಕ್ಕಟ್ಟಿನ ಮನೆಗೆ ಒಗ್ಗುವುದಲ್ಲ. ಕೊಳ್ಳುವವರು 2017ರ ಶ್ವಾನ ಸಂತಾನೋತ್ಪಾದನೆ ಮತ್ತು ಮಾರಾಟದ ನಿಯಮಗಳನ್ನೂ ತಿಳಿದಿರತಕ್ಕದ್ದು. ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಹದಿನೆಂಟು ತಿಂಗಳು ತುಂಬದ ಹೆಣ್ಣುನಾಯಿಯಿಂದ ಮರಿ ಮಾಡಿಸಕೂಡದು. ತಾಯಿಯನ್ನು ತೋರಿಸದೆ ಬುಟ್ಟಿಯಲ್ಲಿ ಮರಿಯನ್ನು ತಂದು ಬಸ್ ನಿಲ್ದಾಣದಲ್ಲಿ ಕೈಗಿಡುವವರಿಂದ ಕೊಳ್ಳುವುದೆಂದರೆ ಆ ತಾಯಿಯ ಯಾತನೆಗೆ ಹಣ ತೆತ್ತಂತೆ.

ರೇಬಿಸ್ ರೋಗದ ವಿಷಯದಲ್ಲಿ ಉಪೇಕ್ಷೆಗೆ ಕ್ಷಮೆಯಿಲ್ಲ. ಲಕ್ಷಣಗಳು ತೋರಿದ ಮೇಲೆ ಸಾವು ಬಹುತೇಕ ನಿಶ್ಚಿತವಾದ ಈ ವ್ಯಾಧಿಯು ಮನುಷ್ಯರಿಗೆ ತಗಲುವುದು ನೂರಕ್ಕೆ ತೊಂಬತ್ತೊಂಬತ್ತು ಪಾಲು ನಾಯಿಗಳಿಂದ. ಮರಿಗೆ ಮೂರು ತಿಂಗಳಾದಾಗ ಮೊದಲ ಚುಚ್ಚುಮದ್ದು, ಅನಂತರ ವೈದ್ಯರು ಹೇಳಿದಂತೆ ಪುನಃ, ಮುಂದೆ ವರ್ಷವರ್ಷವೂ ಅದನ್ನು ಹಾಕಿಸುವುದು ಕರ್ತವ್ಯ. ಹಾಸನದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೇ ಇರುವಾಗ, ತಾಲ್ಲೂಕುಗಳಲ್ಲಿಯೂ ಸರ್ಕಾರಿ ಪಶು ಆಸ್ಪತ್ರೆಗಳಿರುವಾಗ, ದೂರವೆಂಬ ನೆಪ ಸಲ್ಲದು. ಯಾರಿಗಾದರೂ ನಾಯಿ ಕಚ್ಚಿದರೆ ಅರಿಸಿನ, ಸುಣ್ಣ, ಕಾರದಪುಡಿಗಳನ್ನು ಮೆತ್ತದೆ, ನಲ್ಲಿಯ ಹರಿಯುವ ನೀರಿನಡಿಯಲ್ಲಿ ಗಾಯವನ್ನು ಸಾಬೂನು ಹಚ್ಚಿ ಪೂರಾ ಹದಿನೈದು ನಿಮಿಷ ತೊಳೆಯಬೇಕು. ಆ ದಿನವೇ ಆಸ್ಪತ್ರೆಗೆ ಹೋಗಿ ವೈದ್ಯರು ವಿಧಿಸಿದ ಚುಚ್ಚುಮದ್ದುಗಳನ್ನು ಒಂದನ್ನೂ ಬಿಡದೆ ಹಾಕಿಸಿಕೊಳ್ಳಬೇಕು. ಕಚ್ಚಿದ ನಾಯಿಯನ್ನು ಹೊಡೆದು ಕೊಲ್ಲದೆ ಹತ್ತು ದಿನ ಕಟ್ಟಿ ನೋಡಿಕೊಳ್ಳುವುದು ವೈದ್ಯರ ತೀರ್ಮಾನಕ್ಕೆ ಸಹಾಯಕ.

ಇನ್ನು ಕಾನೂನು. ಸಾಕಿದ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವೋ ತೀವ್ರವಾದ ಗಾಯವೋ ಆಗದಂತೆ ಎಚ್ಚರ ವಹಿಸದ ಒಡೆಯನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು ಆರು ತಿಂಗಳವರೆಗಿನ ಸೆರೆ, ಅಥವಾ ಐದು ಸಾವಿರ ರೂಪಾಯಿಗಳವರೆಗಿನ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ‘ನಾಯಿ ಇದೆ, ಎಚ್ಚರಿಕೆ’ ಎಂಬ ಫಲಕವನ್ನು ತೂಗಿಸಿದ ಮಾತ್ರಕ್ಕೆ ಈ ಹೊಣೆಯು ತೀರಿತೆಂದು ಭಾವಿಸಲಾಗದು. ಹಾಗೆಯೇ ನಾಯಿಯನ್ನು ಕೊಂದವನಿಗೆ, ವಿಷವಿಟ್ಟವನಿಗೆ, ಅಂಗಹೀನ ಮಾಡಿದವನಿಗೆ ಅದೇ ಸಂಹಿತೆಯ 325ನೆಯ ಕಲಮಿನಂತೆ ಐದು ವರ್ಷಗಳವರೆಗೆ ಸೆರೆಯಾಗಬಹುದು. 1960ರ ಪ್ರಾಣಿ ಹಿಂಸಾ ನಿವಾರಣ ಅಧಿನಿಯಮವು ಹೊಡೆಯುವುದನ್ನು, ಅನ್ನ ನೀರು ಕೊಡದಿರುವುದನ್ನು, ಗಿಡ್ಡ ಸರಪಳಿಯಲ್ಲಿ ಬಹುಹೊತ್ತು ಕಟ್ಟಿರುವುದನ್ನು, ಹಸಿವಿನಿಂದ ನರಳುವಂತೆ ಕೈಬಿಡುವುದನ್ನು ಅಪರಾಧವೆಂದು ಎಣಿಸಿದೆ. ಮೊದಲ ತಪ್ಪಿಗೆ ಅದು ವಿಧಿಸುವ ದಂಡವು ಹತ್ತರಿಂದ ಐವತ್ತು ರೂಪಾಯಿಗಳಷ್ಟೇ ಆಗಿರುವುದು ನಮ್ಮ ಶಾಸನಕ್ಕೆ ಶೋಭೆಯಲ್ಲ. 2024ರ ಮಾರ್ಚ್ ತಿಂಗಳಲ್ಲಿ ರಾಟ್‌ವೀಲರ್ ಮೊದಲಾದ 23 ತಳಿಗಳನ್ನು ನಿಷೇಧಿಸುವಂತೆ ಕೇಂದ್ರ ಸರ್ಕಾರವು ಹೊರಡಿಸಿದ ಸುತ್ತೋಲೆಯನ್ನು, ಸಂಬಂಧಪಟ್ಟವರ ಅಹವಾಲನ್ನು ಕೇಳಿಲ್ಲವೆಂಬ ಕಾರಣದಿಂದ ಕರ್ನಾಟಕದ ಉಚ್ಚ ನ್ಯಾಯಾಲಯವು ಏಪ್ರಿಲ್‌ನಲ್ಲಿ ರದ್ದುಮಾಡಿತು. ತಳಿಯು ಯಾವುದಾದರೂ ಇರಲಿ, ಅದನ್ನು ಹೊರಗೆ ಕರೆತಂದ ಕೈಯೇ ಉತ್ತರವಾದಿ.

ಬೀದಿನಾಯಿಗಳ ಪ್ರಶ್ನೆಯೂ ಇದರಿಂದ ಬೇರೆಯಲ್ಲ. ಬೇಡವಾದ ಮರಿಗಳನ್ನು ಚೀಲದಲ್ಲಿ ತುಂಬಿ ಊರಾಚೆ ಬಿಟ್ಟುಬರುವವರಿಂದಲೂ ಅವುಗಳ ಸಂಖ್ಯೆ ಬೆಳೆಯುತ್ತದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಗಳ ಸಂತಾನಹರಣ ಹಾಗೂ ಲಸಿಕೆಯ ಭಾರವನ್ನು ಸ್ಥಳೀಯ ಸಂಸ್ಥೆಗಳ ಮೇಲೆಯೂ, ಸಾಕುನಾಯಿಯ ಲಸಿಕೆ, ಜಂತುಮದ್ದು, ಸಂತಾನ ನಿಯಂತ್ರಣಗಳ ಭಾರವನ್ನು ಒಡೆಯನ ಮೇಲೆಯೂ ಹೊರಿಸಿವೆ. 2025ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯವು, ಚಿಕಿತ್ಸೆ ಪಡೆದ ನಾಯಿಗಳನ್ನು ಹಿಡಿದಲ್ಲಿಗೇ ಮರಳಿ ಬಿಡಬೇಕೆಂದೂ, ರೇಬಿಸ್ ಶಂಕೆಯುಳ್ಳವನ್ನೂ ಆಕ್ರಮಣಶೀಲವಾದವನ್ನೂ ಮಾತ್ರ ಹಾಗೆ ಬಿಡಬಾರದೆಂದೂ, ಅನ್ನ ಹಾಕುವುದಕ್ಕೆ ಗೊತ್ತಾದ ಸ್ಥಳಗಳಿರಬೇಕೆಂದೂ ವಿಧಿಸಿತು. ನವೆಂಬರ್ 7ರ ಆಜ್ಞೆಯಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣಗಳಿಂದ ಅವುಗಳನ್ನು ತೆರವು ಮಾಡಬೇಕೆಂದು ಹೇಳಿತು. ದಯೆಯುಳ್ಳವರು ಶಾಲೆಯ ಬಾಗಿಲಲ್ಲಿ ಅನ್ನ ಸುರಿಯದೆ ಗೊತ್ತಾದ ಜಾಗದಲ್ಲಿ ಹಾಕಿ, ಆ ನಾಯಿಗಳಿಗೆ ಲಸಿಕೆಯನ್ನೂ ಹಾಕಿಸಿದರೆ ದಯೆಯು ಪೂರ್ಣವಾಗುತ್ತದೆ.

ಕನ್ನಡ ನಾಡಿಗೆ ಈ ಹೊಣೆಯ ಅರಿವು ಹೊಸತಲ್ಲ. ನಮ್ಮ ನೆರೆಯ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಹತ್ತನೆಯ ಶತಮಾನದ ನಡುವಿನ ವೀರಗಲ್ಲು, ತಕ್ಕೋಲದ ಯುದ್ಧದಲ್ಲಿ ಹೋರಾಡಿದ ಮಣಲೇರನೆಂಬ ಗಂಗರ ವೀರನು, ಒಡೆಯನು ಮೆಚ್ಚಿ ಬೇಕಾದುದನ್ನು ಬೇಡೆಂದಾಗ, ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದುದನ್ನು ಹೇಳುತ್ತದೆ. ಹಂದಿಯೊಡನೆ ಕಾದಿ ಆ ನಾಯಿಯು ಮಡಿದಾಗ ಅವನು ಅದಕ್ಕೆ ಕಲ್ಲು ನಿಲ್ಲಿಸಿದುದಲ್ಲದೆ, ಪೂಜೆಗೆ ಭೂಮಿಯನ್ನೂ ಬಿಟ್ಟು, ಪೂಜಿಸದೆ ಉಣ್ಣುವ ಅರ್ಚಕನಿಗೆ ಪಾಪವನ್ನೂ ವಿಧಿಸಿದನು. ಬೇಡಿ ತಂದ ನಾಯಿಯನ್ನು ಅದರ ಮರಣದ ಆಚೆಗೂ ತನ್ನದೆಂದು ಒಪ್ಪಿಕೊಂಡ ಆ ಒಡೆಯನ ನಾಡಿನವರಾದ ನಮ್ಮಲ್ಲಿ ನಾನು ಬೇಡುವುದು ಇಷ್ಟೇ: ಮರಿಯನ್ನು ತರುವ ಮುನ್ನ ಮನೆಮಂದಿಯೆಲ್ಲ ಕುಳಿತು, ಹನ್ನೆರಡು ಹದಿಮೂರು ವರ್ಷಗಳ ಕಾಲ ಪ್ರತಿದಿನವೂ ಅದಕ್ಕೆ ಒಂದು ಗಂಟೆಯನ್ನು ಕೊಡಬಲ್ಲೆವೇ ಎಂದು ವಿಚಾರಿಸಿರಿ. ಕೊಡಬಲ್ಲಿರಾದರೆ ತನ್ನಿರಿ, ಲಸಿಕೆ ಹಾಕಿಸಿರಿ, ನಿಮ್ಮ ಊರಿನ ಸ್ಥಳೀಯ ಸಂಸ್ಥೆಯಲ್ಲಿ ನೋಂದಣಿಯ ಕ್ರಮವನ್ನು ಕೇಳಿ ತಿಳಿಯಿರಿ, ಮೊದಲ ವಾರದಿಂದಲೇ ಪಾಠವನ್ನು ಆರಂಭಿಸಿರಿ. ಕೊಡಲಾರಿರಾದರೆ ತರದಿರುವುದೇ ನೀವು ಆ ಜೀವಕ್ಕೆ ಮಾಡಬಹುದಾದ ಉಪಕಾರ.