ಕಾರಿನ ಟೈರುಗಳ ಅಸಮ ಸವೆತ ಹಾಗೂ ಗಾಳಿಯ ಒತ್ತಡದ ಸರಿಯಾದ ಪರಿಶೀಲನೆ: ರಾಯಚೂರು, ದೇವದುರ್ಗ ಮತ್ತು ಮಾನ್ವಿ ವಾಹನ ಮಾಲೀಕರಿಗೆ ಮಾಹಿತಿ

ಖಾಸಗಿ ಕಾರುಗಳ ನೋಂದಣಿ ನವೀಕರಣಕ್ಕಾಗಿ ಹಾಗೂ ಬಾಡಿಗೆ ಕಾರುಗಳ ಅರ್ಹತಾ ಪತ್ರಕ್ಕಾಗಿ (ಎಫ್.ಸಿ.) ಅರ್ಜಿ ಸಲ್ಲಿಸುವ ಮಾಲೀಕರು ತಮ್ಮ ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕಾಗುತ್ತದೆ. ದೀಪ, ಬ್ರೇಕು, ಹೊಗೆ ತಪಾಸಣೆಯ ಬಗ್ಗೆ ಮುಂಚಿತವಾಗಿ ಗಮನ ಹರಿಸುವ ಅರ್ಜಿದಾರರು ಟೈರುಗಳನ್ನು ಮರೆಯುವುದುಂಟು. ದೇವದುರ್ಗದಿಂದ ಐವತ್ತು ಕಿ.ಮೀ.ಗೂ ಹೆಚ್ಚು, ಮಾನ್ವಿಯಿಂದ ನಲವತ್ತು ಕಿ.ಮೀ.ಗೂ ಹೆಚ್ಚು ದೂರ ಕ್ರಮಿಸಿ ರಾಯಚೂರಿಗೆ ಬಂದ ನಂತರ ಟೈರಿನ ದೋಷಕ್ಕಾಗಿ ಹಿಂದಿರುಗಬೇಕಾದರೆ ಒಂದು ದಿನದ ದುಡಿಮೆಯೂ ಇಂಧನವೂ ವ್ಯರ್ಥವಾಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಅಂತಹ ಟೈರಿನ ಮೇಲೆ ಕುಟುಂಬವೊಂದು ಅಷ್ಟು ದೂರ ಪ್ರಯಾಣಿಸಿರುತ್ತದೆ. ಈ ಹಿನ್ನೆಲೆಯಲ್ಲಿ ಸಾರ್ವಜನಿಕರ ಅನುಕೂಲಕ್ಕಾಗಿ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

ನಿಯಮಗಳು ಏನು ಹೇಳುತ್ತವೆ?

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 94ರ ಪ್ರಕಾರ ವಾಹನದ ಟೈರುಗಳಲ್ಲಿ ಸರಿಯಾದ ಪ್ರಮಾಣದ ಗಾಳಿ ಇರತಕ್ಕದ್ದು ಮತ್ತು ಅವು ಸುಸ್ಥಿತಿಯಲ್ಲಿರತಕ್ಕದ್ದು. ಸವೆತದಿಂದ ಒಳಗಿನ ನೂಲಿನ ಪದರ ಹೊರಗೆ ಕಾಣುವ ಟೈರು, ಒಂದು ಕಡೆ ಉಬ್ಬಿರುವ ಅಥವಾ ಆಕಾರ ಕೆಟ್ಟಿರುವ ಟೈರು ಸುಸ್ಥಿತಿಯಲ್ಲಿದೆ ಎಂದು ಪರಿಗಣಿಸಲಾಗುವುದಿಲ್ಲ. ಟೈರಿನ ಮೈಮೇಲಿನ ತೋಡುಗಳ ಆಳವು ಕಾರುಗಳಲ್ಲಿ 1.6 ಮಿ.ಮೀ.ಗಿಂತ ಕಡಿಮೆ ಇರಕೂಡದು.

ಈ ಆಳವನ್ನು ಅರಿಯಲು ಯಾವುದೇ ಉಪಕರಣ ಬೇಕಾಗಿಲ್ಲ. ತೋಡುಗಳ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ರಬ್ಬರ್ ದಿಂಡುಗಳಿರುತ್ತವೆ. ಟೈರಿನ ಮೈ ಸವೆದು ಈ ದಿಂಡುಗಳ ಮಟ್ಟಕ್ಕೆ ಬಂದಿದ್ದರೆ ಟೈರಿನ ಬಳಕೆಯ ಅವಧಿ ಮುಗಿದಿದೆ ಎಂದು ತಿಳಿಯಬೇಕು. ಮಧ್ಯಭಾಗ ಚೆನ್ನಾಗಿದ್ದು ಒಂದು ಅಂಚು ಮಾತ್ರ ಈ ಮಟ್ಟಕ್ಕೆ ಸವೆದಿದ್ದರೂ ಟೈರನ್ನು ಬದಲಾಯಿಸುವುದೇ ಕ್ಷೇಮ.

ಸವೆತದ ಲಕ್ಷಣಗಳು ಮತ್ತು ಕಾರಣಗಳು

1. ಎರಡೂ ಅಂಚುಗಳು ಸವೆದು ಮಧ್ಯಭಾಗ ಉಳಿದಿರುವುದು: ಗಾಳಿ ಕಡಿಮೆ ಇರುವುದರ ಲಕ್ಷಣ. ಭಾರವೆಲ್ಲ ಅಂಚುಗಳ ಮೇಲೆ ಬೀಳುತ್ತದೆ, ಪಕ್ಕದ ಗೋಡೆ ಪದೇ ಪದೇ ಬಾಗಿ ಟೈರು ಮಿತಿಮೀರಿ ಬಿಸಿಯಾಗುತ್ತದೆ. ವೇಗದಲ್ಲಿ ಟೈರು ಸಿಡಿಯಲು ಇದು ಪ್ರಮುಖ ಕಾರಣ.

2. ಮಧ್ಯಭಾಗ ಮಾತ್ರ ಸವೆದಿರುವುದು: ಗಾಳಿ ಹೆಚ್ಚಾಗಿರುವುದರ ಲಕ್ಷಣ. ನೆಲಕ್ಕೆ ತಾಗುವ ಮೈ ಕಡಿಮೆಯಾಗುವುದರಿಂದ ರಸ್ತೆಯ ಮೇಲಿನ ಹಿಡಿತ ತಗ್ಗುತ್ತದೆ.

3. ಒಳ ಅಥವಾ ಹೊರ ಅಂಚು ಒಂದೇ ಸವೆದಿರುವುದು: ಚಕ್ರಗಳ ಕೋನ ತಪ್ಪಿರುತ್ತದೆ. ಗಾಳಿ ಸರಿಪಡಿಸಿದ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ. ವೀಲ್ ಅಲೈನ್‌ಮೆಂಟ್ ಮಾಡಿಸಬೇಕು.

4. ಕೈಯಾಡಿಸಿದಾಗ ಒಂದು ದಿಕ್ಕಿಗೆ ನುಣುಪು, ಮತ್ತೊಂದು ದಿಕ್ಕಿಗೆ ಗರಗಸದಂತೆ ಒರಟು: ಇದೂ ಅಲೈನ್‌ಮೆಂಟ್ ದೋಷವೇ.

5. ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆದಿರುವುದು: ಶಾಕ್ ಅಬ್ಸಾರ್ಬರ್ ದುರ್ಬಲವಾಗಿರಬಹುದು ಅಥವಾ ಚಕ್ರದ ಬ್ಯಾಲೆನ್ಸಿಂಗ್ ತಪ್ಪಿರಬಹುದು.

ಒಳ ಅಂಚಿನ ಸವೆತ ಹೊರಗೆ ನಿಂತು ನೋಡಿದರೆ ಕಾಣುವುದಿಲ್ಲ. ಸ್ಟಿಯರಿಂಗ್ ಅನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಇಂಜಿನ್ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿದ ನಂತರ ಮುಂದಿನ ಟೈರುಗಳನ್ನು ನೋಡಬೇಕು.

ಈ ಭಾಗದಲ್ಲಿ ವಿಶೇಷ ಎಚ್ಚರಿಕೆ ಏಕೆ?

ಜಿಲ್ಲೆಯ ಬಹುಭಾಗ ಎರೆ ಭೂಮಿ. ಈ ಮಣ್ಣು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಇಂತಹ ನೆಲದ ಮೇಲಿನ ರಸ್ತೆಗಳು ಏರುತಗ್ಗಾಗುವುದು ಸಹಜ. ಮಾನ್ವಿ ಭಾಗದ ತುಂಗಭದ್ರಾ ಎಡದಂಡೆ ಕಾಲುವೆ ಹಾಗೂ ದೇವದುರ್ಗ ಭಾಗದ ನಾರಾಯಣಪುರ ಬಲದಂಡೆ ಕಾಲುವೆಯ ನೀರಾವರಿ ಪ್ರದೇಶಗಳಲ್ಲಿ ಹೊಲದ ದಾರಿ, ಕಾಲುವೆಯ ದಾರಿಗಳಲ್ಲಿ ಕಾರು ಓಡಿಸುವವರೂ ಇದ್ದಾರೆ. ಗುಂಡಿಗೆ ಚಕ್ರ ಬಲವಾಗಿ ಬಿದ್ದಾಗ ಅಲೈನ್‌ಮೆಂಟ್ ತಪ್ಪಬಹುದು. ಅಂತಹ ಪೆಟ್ಟು ಬಿದ್ದ ನಂತರ ಕಾರು ಒಂದು ಕಡೆಗೆ ಎಳೆಯುತ್ತಿದ್ದರೆ ತಡಮಾಡದೆ ಪರೀಕ್ಷಿಸಬೇಕು. ರಸ್ತೆ ಬದಿಯ ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿದ ಟ್ಯೂಬ್‌ಲೆಸ್ ಟೈರು ಕೂಡಲೇ ಇಳಿಯದೆ, ಹಲವು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಗಾಳಿ ಕಳೆದುಕೊಳ್ಳಬಹುದು. ಮಾಲೀಕರಿಗೆ ಅದು ತಿಳಿಯುವುದಿಲ್ಲ.

ಒತ್ತಡವನ್ನು ಯಾವಾಗ ನೋಡಬೇಕು?

ಬೇಸಿಗೆಯಲ್ಲಿ ರಾಯಚೂರಿನ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಟೈರಿನೊಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ ಒತ್ತಡವು ಸುಮಾರು ಒಂದೂವರೆಯಿಂದ ಎರಡು ಪಿ.ಎಸ್.ಐ.ನಷ್ಟು ಏರುತ್ತದೆ. ಬಿಸಿಲು ಮತ್ತು ಓಟ ಎರಡೂ ಸೇರಿದಾಗ ಈ ಏರಿಕೆ ಇನ್ನೂ ಹೆಚ್ಚು.

ಉದಾಹರಣೆಗೆ, 33 ಪಿ.ಎಸ್.ಐ. ನಿಗದಿಯಾಗಿರುವ ಕಾರೊಂದು ಬೆಳಿಗ್ಗೆ ಸರಿಯಾದ ಗಾಳಿಯೊಂದಿಗೆ ದೇವದುರ್ಗದಿಂದ ಹೊರಟು ಮಧ್ಯಾಹ್ನ ರಾಯಚೂರಿನ ಪೆಟ್ರೋಲ್ ಬಂಕ್ ತಲುಪಿದೆ ಎಂದು ಭಾವಿಸೋಣ. ಆಗ ಮಾಪಕವು 38 ತೋರಿಸಬಹುದು. "ಗಾಳಿ ಹೆಚ್ಚಾಗಿದೆ" ಎಂದು 33ಕ್ಕೆ ಇಳಿಸಿದರೆ, ಮರುದಿನ ಬೆಳಿಗ್ಗೆ ತಣ್ಣಗಾದ ಟೈರಿನಲ್ಲಿ ಉಳಿಯುವುದು ಸುಮಾರು 28 ಮಾತ್ರ. ಪ್ರತಿ ಬಾರಿ ಹೀಗೆ ಮಾಡುವ ಮಾಲೀಕರು ಎಚ್ಚರಿಕೆ ವಹಿಸುತ್ತಿದ್ದೇವೆಂದು ನಂಬಿಕೊಂಡೇ ಕಡಿಮೆ ಗಾಳಿಯಲ್ಲಿ ಕಾರು ಓಡಿಸುತ್ತಿರುತ್ತಾರೆ. ಎರಡೂ ಅಂಚು ಸವೆದ ಟೈರಿಗೆ ಹಲವು ಬಾರಿ ಇದೇ ಕಾರಣ.

ಆದ್ದರಿಂದ ಕಾರು ಕನಿಷ್ಠ ಮೂರು ಗಂಟೆ ನೆರಳಿನಲ್ಲಿ ನಿಂತ ನಂತರ, ಬೆಳಗಿನ ಹೊತ್ತಿನಲ್ಲಿ, ಓಡಿಸುವ ಮುನ್ನ ಒತ್ತಡವನ್ನು ನೋಡುವುದು ಸೂಕ್ತ. ಗಾಳಿ ಹಾಕುವ ಸ್ಥಳ ಒಂದೆರಡು ಕಿ.ಮೀ. ಒಳಗಿದ್ದರೆ ನಿಧಾನವಾಗಿ ಓಡಿಸಿಕೊಂಡು ಹೋಗಬಹುದು. ಬಿಸಿಯಾದ ಟೈರಿನಿಂದ ಗಾಳಿ ತೆಗೆಯಬಾರದು. ಬಿಸಿಯಾಗಿದ್ದಾಗಲೂ ಮಾಪಕವು ನಿಗದಿತ ಒತ್ತಡಕ್ಕಿಂತ ಕಡಿಮೆ ತೋರಿಸಿದರೆ ಗಾಳಿ ನಿಜಕ್ಕೂ ಬಹಳ ಕಡಿಮೆ ಇದೆ ಎಂದರ್ಥ. ಕೂಡಲೇ ತುಂಬಿಸಿ, ಮರುದಿನ ಬೆಳಿಗ್ಗೆ ಮತ್ತೆ ನೋಡಬೇಕು.

ಪರಿಶೀಲಿಸುವ ಕ್ರಮ

1. ನಿಗದಿತ ಒತ್ತಡವನ್ನು ಚಾಲಕರ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ, ಇಂಧನ ತೊಟ್ಟಿಯ ಮುಚ್ಚಳದ ಒಳಬದಿಯಲ್ಲಿ ಅಥವಾ ಕಾರಿನ ಕೈಪಿಡಿಯಲ್ಲಿ ನೋಡಬೇಕು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಒತ್ತಡದ ಅಂಕಿ ಆ ಟೈರಿನ ಗರಿಷ್ಠ ಮಿತಿ. ಅದು ಕಾರಿಗೆ ನಿಗದಿಯಾದ ಒತ್ತಡವಲ್ಲ.

2. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ, ಪೂರ್ಣ ಭಾರಕ್ಕೆ ಬೇರೆ ಬೇರೆ ಅಂಕಿಗಳಿರಬಹುದು. ಐದು ಜನ ಹಾಗೂ ಸಾಮಾನಿನೊಂದಿಗೆ ಹೊರಡುವಾಗ ಪೂರ್ಣ ಭಾರದ ಅಂಕಿಯನ್ನು ಅನುಸರಿಸಬೇಕು.

3. ವಾಲ್ವ್ ಮುಚ್ಚಳ ತೆಗೆದು, ಧೂಳು ಒರೆಸಿ, ಮಾಪಕವನ್ನು ನೇರವಾಗಿ ಒತ್ತಬೇಕು. ಗಾಳಿ ಸೋರುವ ಶಬ್ದ ಬಂದರೆ ಆ ಅಳತೆ ಸರಿಯಲ್ಲ. ಎರಡು ಬಾರಿ ಅಳೆದು ಒಂದೇ ಅಂಕಿ ಬರುವುದನ್ನು ಖಚಿತಪಡಿಸಿಕೊಳ್ಳಬೇಕು.

4. ಸಾಧ್ಯವಾದರೆ ಸ್ವಂತ ಮಾಪಕವೊಂದನ್ನು ಇಟ್ಟುಕೊಂಡು, ಒಂದೇ ಟೈರಿನ ಮೇಲೆ ಬಂಕಿನ ಮಾಪಕದೊಂದಿಗೆ ಹೋಲಿಸಿ ನೋಡಬಹುದು. ಕಣ್ಣಳತೆಯಿಂದ ಅಥವಾ ಕಾಲಿನಿಂದ ಒದ್ದು ಒತ್ತಡ ತಿಳಿಯುವುದು ಸಾಧ್ಯವಿಲ್ಲ.

5. ಅಳತೆ ಮಾನವನ್ನು ಗಮನಿಸಬೇಕು: 33 ಪಿ.ಎಸ್.ಐ. ಎಂದರೆ ಸುಮಾರು 2.3 ಬಾರ್ ಅಥವಾ 230 ಕಿಲೋಪಾಸ್ಕಲ್.

6. ಸ್ಟೆಪ್ನಿಯನ್ನೂ ಪರಿಶೀಲಿಸಿ, ಮುಚ್ಚಳಗಳನ್ನು ಮರಳಿ ಹಾಕಬೇಕು. ತಿಂಗಳಿಗೊಮ್ಮೆಯಾದರೂ, ದೂರ ಪ್ರಯಾಣಕ್ಕೆ ಮುನ್ನ ಪ್ರತಿ ಬಾರಿಯೂ ಹೀಗೆ ಮಾಡುವುದು ಒಳ್ಳೆಯದು.

ಒಂದೇ ಟೈರಿನಲ್ಲಿ ಮತ್ತೆ ಮತ್ತೆ ಗಾಳಿ ಇಳಿಯುತ್ತಿದ್ದರೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುವ ಜಾಗವನ್ನು ಗುರುತಿಸಿ ಪಂಕ್ಚರ್ ಸರಿಪಡಿಸಬೇಕು.

ತಪಾಸಣೆಗೆ ಅರ್ಜಿ ಸಲ್ಲಿಸುವವರ ಗಮನಕ್ಕೆ

ಖಾಸಗಿ ಕಾರಿನ ನೋಂದಣಿಯು 15 ವರ್ಷಗಳವರೆಗೆ ಸಿಂಧುವಾಗಿದ್ದು, ನಂತರ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ ಐದು ವರ್ಷಗಳಿಗೊಮ್ಮೆ ನವೀಕರಿಸಬೇಕು. ಬಾಡಿಗೆ ಕಾರುಗಳ ಅರ್ಹತಾ ಪತ್ರವನ್ನು ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಗಳಿಗೊಮ್ಮೆ, ಅನಂತರ ಪ್ರತಿ ವರ್ಷ ನವೀಕರಿಸಬೇಕು. ದಿನಾಂಕಕ್ಕೆ ಒಂದೆರಡು ವಾರ ಮೊದಲೇ ಟೈರುಗಳನ್ನು ನೋಡಿಕೊಂಡರೆ ಅಲೈನ್‌ಮೆಂಟ್ ಮಾಡಿಸಲು ಅಥವಾ ಟೈರು ಬದಲಾಯಿಸಲು ಸಮಯ ದೊರೆಯುತ್ತದೆ. ಅಲೈನ್‌ಮೆಂಟ್ ಸರಿಪಡಿಸದೆ ಹೊಸ ಟೈರು ಹಾಕಿದರೆ ಅದೂ ಹಾಗೆಯೇ ಸವೆಯುತ್ತದೆ ಎಂಬುದನ್ನು ನೆನಪಿಡಬೇಕು.

ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಬಹುದಾಗಿದ್ದ ದೋಷದಿಂದ ಇತರರಿಗೆ ಅಪಾಯ ಉಂಟುಮಾಡಬಲ್ಲ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದು ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 190ರ ಅಡಿ ಶಿಕ್ಷಾರ್ಹ. ಕಾರಿಗೂ ರಸ್ತೆಗೂ ಇರುವ ಸಂಪರ್ಕ ನಾಲ್ಕು ಅಂಗೈಯಗಲದ ರಬ್ಬರ್ ಮಾತ್ರ. ತಪಾಸಣೆಯ ದಿನಕ್ಕಷ್ಟೇ ಅಲ್ಲದೆ ವರ್ಷವಿಡೀ ಅದನ್ನು ಸುಸ್ಥಿತಿಯಲ್ಲಿಟ್ಟುಕೊಂಡು ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.