ನವಿ ಮುಂಬಯಿ: ಮನೆ ಬಂತು, ಕೆಲಸ ತಡವಾಯಿತು

ಮುಂಬಯಿಯ ಭೂಪಟವನ್ನು ಒಮ್ಮೆ ನೋಡಿದರೆ ನಗರದ ಸಂಕಟ ಅರ್ಥವಾಗುತ್ತದೆ. ದ್ವೀಪದ ದಕ್ಷಿಣ ತುದಿಯಲ್ಲಿ ಕಚೇರಿಗಳು, ಉತ್ತರದ ಉಪನಗರಗಳಲ್ಲಿ ವಸತಿ. ಈ ಜನಪ್ರವಾಹವನ್ನು ಪೂರ್ವಕ್ಕೆ, ಥಾಣೆ ಖಾಡಿಯ ಆಚೆಗೆ ತಿರುಗಿಸಬೇಕೆಂದು ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ ಮತ್ತು ಶಿರೀಷ್ ಪಟೇಲ್ ಅವರು 1965ರಲ್ಲಿ ‘ಮಾರ್ಗ್’ ಪತ್ರಿಕೆಯ ಮೂಲಕ ಸೂಚಿಸಿದರು. 1970ರ ಮಾರ್ಚ್‌ನಲ್ಲಿ ಸಿಡ್ಕೋ ನಿಗಮ ಸ್ಥಾಪನೆಗೊಂಡಿತು. 95 ಹಳ್ಳಿಗಳನ್ನೊಳಗೊಂಡ ಸುಮಾರು 344 ಚದರ ಕಿಲೋಮೀಟರ್ ಪ್ರದೇಶ ಅದರ ಯೋಜನಾ ಕ್ಷೇತ್ರವಾಯಿತು.

ಯೋಜನೆಯ ಅರ್ಥಶಾಸ್ತ್ರ ಸರಳವಾಗಿತ್ತು. ರೈತರ ಭೂಮಿಯನ್ನು ಸ್ವಾಧೀನಪಡಿಸಿಕೊಂಡು, ರಸ್ತೆ, ನೀರು, ಚರಂಡಿಗಳನ್ನು ಒದಗಿಸಿ, ಏರಿದ ಬೆಲೆಗೆ ನಿವೇಶನ ಮಾರಿ, ಆ ಹಣದಿಂದಲೇ ಮುಂದಿನ ಕಾಮಗಾರಿ ನಡೆಸುವುದು. ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವಿನ ಅಂತರವೇ ನಗರದ ಬಂಡವಾಳ. ಆದರೆ ಆ ಅಂತರದಲ್ಲಿ ಭೂಮಿ ಕೊಟ್ಟವನ ಪಾಲೆಷ್ಟು? ಈ ಪ್ರಶ್ನೆಯನ್ನೆತ್ತಿ ದಿ. ಬಾ. ಪಾಟೀಲರ ನೇತೃತ್ವದಲ್ಲಿ ಆಗ್ರಿ, ಕೋಳಿ ರೈತರು ಹೋರಾಡಿದರು. 1984ರ ಜನವರಿಯಲ್ಲಿ ಉರಣ್ ಭಾಗದಲ್ಲಿ ನಡೆದ ಗೋಲಿಬಾರಿಗೆ ಐವರು ಬಲಿಯಾದರು. ಸ್ವಾಧೀನಗೊಂಡ ಭೂಮಿಯ ಶೇ. 12.5ರಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ಹಿಂದಿರುಗಿಸುವ ನೀತಿ ಬಂದದ್ದು ಆ ಬಳಿಕವೇ.

ಇನ್ನು ಉದ್ಯೋಗ. ಸರಕಾರವೇ ಮೊದಲು ಖಾಡಿ ದಾಟಬೇಕಿತ್ತು, ದಾಟಲಿಲ್ಲ. ಮಂತ್ರಾಲಯ ದಕ್ಷಿಣದಲ್ಲೇ ಉಳಿಯಿತು, ಅದರ ನೆರೆಯ ನರಿಮನ್ ಪಾಯಿಂಟ್‌ನಲ್ಲಿ ಕಚೇರಿ ಗೋಪುರಗಳು ಏಳುತ್ತಲೇ ಹೋದವು. ನಮ್ಮ ದೃಷ್ಟಿಯಲ್ಲಿ ಯೋಜನೆಗೆ ಬಿದ್ದ ದೊಡ್ಡ ಪೆಟ್ಟು ಇದೇ. ಮಾನಖುರ್ದ್‌ನಿಂದ ವಾಶಿಗೆ ಲೋಕಲ್ ರೈಲು ಬಂದದ್ದು 1992ರಲ್ಲಿ. ಅಲ್ಲಿಯವರೆಗೆ ವಾಶಿಯಲ್ಲಿ ಮನೆ ಮಾಡಿದವರಿಗೆ ದುಡಿಮೆಗಾಗಿ ಫೋರ್ಟಿಗೆ ಬಸ್ಸೇ ಗತಿ. ಕೋಟೆ ಭಾಗದ ಹೋಟೆಲು, ಬ್ಯಾಂಕುಗಳಲ್ಲಿ ದುಡಿದ ನಮ್ಮ ಕನ್ನಡಿಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ನಿಜವಾಗಿ ಆಚೆಗೆ ಹೋದದ್ದು ಸರಕು. 1989ರಲ್ಲಿ ನ್ಹಾವಾ ಶೇವಾದ ಜವಾಹರಲಾಲ್ ನೆಹರೂ ಬಂದರು ಆರಂಭವಾಯಿತು. ಈರುಳ್ಳಿ, ಧಾನ್ಯ, ಹಣ್ಣು, ತರಕಾರಿಗಳ ಸಗಟು ಮಾರುಕಟ್ಟೆಗಳು 1980 ಮತ್ತು 90ರ ದಶಕಗಳಲ್ಲಿ ವಾಶಿಗೆ ಬಂದವು. ವರ್ತಕರು ಸುಲಭವಾಗಿ ಒಪ್ಪಲಿಲ್ಲವೆನ್ನಿ. ಅವುಗಳ ಹಿಂದೆ ಹಮಾಲರು, ಲಾರಿಗಳು, ಉಪಾಹಾರಗೃಹಗಳು ಬಂದವು. ಮಾಹಿತಿ ತಂತ್ರಜ್ಞಾನದ ಕಚೇರಿಗಳು ಇನ್ನೂ ತಡವಾಗಿ ಐರೋಲಿಯತ್ತ ಬಂದವು. ಹಣಕಾಸು ಸಂಸ್ಥೆಗಳು ಮಾತ್ರ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲೇ ನಿಂತವು.

2024ರ ಜನವರಿಯಲ್ಲಿ ಅಟಲ್ ಸೇತು ತೆರೆಯಿತು. 2025ರ ಡಿಸೆಂಬರ್‌ನಲ್ಲಿ ಹೊಸ ವಿಮಾನ ನಿಲ್ದಾಣದಿಂದ ಹಾರಾಟ ಆರಂಭವಾಯಿತು. ನಿಲ್ದಾಣದ ಸುತ್ತಲಿನ ‘ನೈನಾ’ ಕ್ಷೇತ್ರದಲ್ಲಿ ಸಿಡ್ಕೋ ಈಗ ಭೂಮಿಯನ್ನು ಪೂರ್ತಿ ಕೊಳ್ಳುವುದಿಲ್ಲ. ಒಂದು ಭಾಗವನ್ನು ರಸ್ತೆ, ಸೌಕರ್ಯಗಳಿಗೆ ಪಡೆದು ಉಳಿದುದನ್ನು ನಿವೇಶನವಾಗಿ ಒಡೆಯನಿಗೇ ಬಿಡುತ್ತದೆ. ಆ ಭಾಗ ಎಷ್ಟಿರಬೇಕೆಂಬ ಬಗ್ಗೆ ಅಲ್ಲಿನ ರೈತರ ತಕರಾರು ಮುಗಿದಿಲ್ಲ.