ಮಿಯಾಟಾಗೆ ಮೊದಲು ಏನು ಹಾಕಿಸಬೇಕು?

1989ರ ಫೆಬ್ರವರಿಯಲ್ಲಿ ಮಾಜ್ದಾ ಕಂಪನಿ ಶಿಕಾಗೊ ಮೋಟಾರು ಮೇಳದಲ್ಲಿ ಒಂದು ಪುಟ್ಟ ಕಾರನ್ನು ತಂದು ನಿಲ್ಲಿಸಿತು. ಎರಡೇ ಸೀಟು, ಮಡಚಿಡಬಹುದಾದ ಬಟ್ಟೆಯ ಟಾಪು, ಮುಂದೆ 1.6 ಲೀಟರಿನ ಎಂಜಿನ್, ತಳ್ಳುವ ಕೆಲಸ ಹಿಂದಿನ ಚಕ್ರಗಳದ್ದು. ಹೆಸರು ಎಂಎಕ್ಸ್-5, ಅಮೆರಿಕದವರ ಬಾಯಲ್ಲಿ ಮಿಯಾಟಾ. ಇಂಥದ್ದೊಂದು ಕಾರು ಮಾಡಿ ಎಂದು ಮಾಜ್ದಾದ ಕೆನಿಚಿ ಯಮಾಮೊಟೊ ಅವರ ಕಿವಿಗೆ ಹಾಕಿದ್ದು ಬಾಬ್ ಹಾಲ್ ಎಂಬ ಅಮೆರಿಕದ ವಾಹನ ಪತ್ರಕರ್ತ. ಅದನ್ನು ಕಟ್ಟಿ ನಿಲ್ಲಿಸುವ ಹೊಣೆ ಹೊತ್ತವರು ತೊಶಿಹಿಕೊ ಹಿರಾಯ್. ತೂಕ ಒಂದು ಟನ್ನಿಗಿಂತ ಕಡಿಮೆ, ಎಂಜಿನ್ನಿನ ಬಲ 116 ಅಶ್ವಶಕ್ತಿ. 2016ರಲ್ಲಿ ಹತ್ತು ಲಕ್ಷನೆಯ ಕಾರು ಕಾರ್ಖಾನೆಯಿಂದ ಹೊರಬಂತು. ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಮಾರಾಟದ ಗಿನ್ನೆಸ್ ದಾಖಲೆ ಇದರದ್ದೇ.

ಈ ಕಾರಿನ ಸುತ್ತ ಬೆಳೆದಿರುವ ಕಸುಬೊಂದಿದೆ. ವಾರವೆಲ್ಲ ಆಫೀಸಿಗೆ ಹೋಗಿಬರುವ ಕಾರನ್ನೇ ರಜಾದಿನ ರೇಸ್ ಟ್ರ್ಯಾಕಿಗೆ ಇಳಿಸಿ, ಸಂಜೆ ಅದರಲ್ಲೇ ಮನೆಗೆ ಮರಳುವಂತೆ ಸಜ್ಜುಗೊಳಿಸುವ ಕಸುಬು. ಅಮೆರಿಕ, ಯುರೋಪು, ಜಪಾನುಗಳಲ್ಲಿ ಶುಲ್ಕ ಕಟ್ಟಿ ಸ್ವಂತ ಕಾರನ್ನು ಟ್ರ್ಯಾಕಿನಲ್ಲಿ ಓಡಿಸುವ 'ಟ್ರ್ಯಾಕ್ ಡೇ'ಗಳು ವರ್ಷವಿಡೀ ನಡೆಯುತ್ತವೆ. ಅಲ್ಲಿಗೆ ಹೊರಟವನಿಗೆ ಮೊದಲು ಕಾಡುವ ಪ್ರಶ್ನೆ: ಕಾರಿಗೆ ಏನು ಹಾಕಿಸಲಿ? ಹೆಚ್ಚಿನವರ ಕೈ ನೇರ ಎಂಜಿನ್ನಿನತ್ತ ಹೋಗುತ್ತದೆ. ಹೊಸ ಏರ್ ಫಿಲ್ಟರ್, ಗುಡುಗುವ ಸೈಲೆನ್ಸರ್. ನನ್ನ ಪ್ರಕಾರ ಅದು ಪಟ್ಟಿಯ ಕೊನೆಗಿರಬೇಕಾದ ಖರ್ಚು. ಟ್ರ್ಯಾಕಿನಲ್ಲಿ ಮೊದಲು ಏನು ಸೋಲುತ್ತದೋ ಮೊದಲು ಅದನ್ನು ಗಟ್ಟಿ ಮಾಡಬೇಕು. ಸೋಲುವುದು ಬ್ರೇಕು.

ಲೆಕ್ಕ ನೋಡಿ. ಚಾಲಕನೂ ಸೇರಿ ಒಂದು ಟನ್ ತೂಗುವ ಕಾರನ್ನು ಗಂಟೆಗೆ 160 ಕಿ.ಮೀ. ವೇಗದಿಂದ 80ಕ್ಕೆ ಇಳಿಸಿದರೆ ಅದರ ಚಲನಶಕ್ತಿಯ ಮುಕ್ಕಾಲು ಪಾಲು ಶಾಖವಾಗುತ್ತದೆ. ಎರಡು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸುವಷ್ಟು ಶಾಖ, ಅದೂ ಕೆಲವೇ ಸೆಕೆಂಡುಗಳಲ್ಲಿ. ಮುಂದಿನ ತಿರುವಿನಲ್ಲಿ ಮತ್ತೆ ಅದೇ. ಡಿಸ್ಕು ಆರುವುದಕ್ಕೆ ಪುರಸೊತ್ತೇ ಸಿಗುವುದಿಲ್ಲ. ಶಾಖ ಪ್ಯಾಡು ದಾಟಿ, ಅದನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿಗೆ, ಅಲ್ಲಿಂದ ಬ್ರೇಕ್ ಆಯಿಲಿಗೆ ಇಳಿಯುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವಂತಿಲ್ಲ. ಆದರೆ ಅದಕ್ಕೆ ಗಾಳಿಯ ತೇವ ಹೀರುವ ಗುಣವಿದೆ. ತೇವ ಸೇರಿದ ಆಯಿಲಿಗೆ ಮಾನದಂಡ ಕೇಳುವುದು 155 ಡಿಗ್ರಿ ಮಾತ್ರ. ಒಳಗೆ ಕುದಿ ಬಂತೆಂದರೆ ಆವಿಯ ಗುಳ್ಳೆಗಳೇಳುತ್ತವೆ. ದ್ರವದಂತಲ್ಲ, ಆವಿ ಒತ್ತಿದರೆ ಕುಗ್ಗುತ್ತದೆ. ಹಿಂದಿನ ಸುತ್ತಿನವರೆಗೂ ಗಟ್ಟಿಯಾಗಿದ್ದ ಪೆಡಲು ಕಾಲಡಿ ಮೆತ್ತಗಾಗಿ ನೆಲದತ್ತ ಇಳಿದುಹೋಗುತ್ತದೆ, ಕಾರು ಮಾತ್ರ ನಿಧಾನವಾಗುವುದಿಲ್ಲ. ಹಳೆಯ ಆಯಿಲನ್ನು ಪೂರ್ತಿ ತೆಗೆಸಿ, ಕುದಿಬಿಂದು 300 ಡಿಗ್ರಿ ದಾಟುವ ರೇಸಿಂಗ್ ಆಯಿಲು ತುಂಬಿಸಿ, ಬ್ರೇಕಿನ ಕೊಳವೆಗಳಲ್ಲಿನ ಗಾಳಿ ತೆಗೆಸುವುದೇ ಮೊದಲ ಮಾರ್ಪಾಡು. ಕಣ್ಣಿಗೆ ಕಾಣದ್ದು, ಆದರೆ ಜೀವ ಉಳಿಸುವುದು ಅದೇ.

ಎರಡನೆಯದು ಪ್ಯಾಡು. ರಸ್ತೆಯ ಪ್ಯಾಡು ತಣ್ಣಗಿದ್ದಾಗ ಚೆನ್ನಾಗಿ ಹಿಡಿಯುತ್ತದೆ, ಅತಿಯಾಗಿ ಕಾದರೆ ಜಾರುತ್ತದೆ. ಅಪ್ಪಟ ರೇಸ್ ಪ್ಯಾಡಿನದು ಇದಕ್ಕೆ ತದ್ವಿರುದ್ಧ. ಚಳಿಯ ಬೆಳಿಗ್ಗೆ ಮನೆ ಮುಂದಿನ ಮೊದಲ ಸಿಗ್ನಲಿನಲ್ಲಿ ಅದು ಹಿಡಿಯಲು ಹಿಂದೆಮುಂದೆ ನೋಡುತ್ತದೆ, ಕಿರುಚುತ್ತದೆ, ಡಿಸ್ಕನ್ನೂ ತಿನ್ನುತ್ತದೆ. ಬಲ್ಲವರು ಎರಡು ಸೆಟ್ ಇಟ್ಟುಕೊಂಡು, ಟ್ರ್ಯಾಕಿನಲ್ಲೇ ಜ್ಯಾಕ್ ಏರಿಸಿ ಬದಲಿಸಿಕೊಳ್ಳುತ್ತಾರೆ. ಭಾರೀ ಕ್ಯಾಲಿಪರುಗಳ ದುಬಾರಿ ಕಿಟ್ಟು ಕಂಪನಿ ಎಂಜಿನ್ನಿನ ಮಿಯಾಟಾಗೆ ಬೇಡವೇ ಬೇಡ. ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಟೈರಿನ ಹಿಡಿತ.

ಟೈರಿನ ಪಕ್ಕದಲ್ಲಿ 'ಟ್ರೆಡ್‌ವೇರ್' ಎಂಬ ಅಂಕಿ ಅಚ್ಚಾಗಿರುತ್ತದೆ. ಅಂಕಿ ಇಳಿದಷ್ಟೂ ರಬ್ಬರು ಸಾಮಾನ್ಯವಾಗಿ ಮೆದು, ಹಿಡಿತ ಹೆಚ್ಚು, ಆಯುಸ್ಸು ಕಡಿಮೆ. ರಸ್ತೆ, ಟ್ರ್ಯಾಕು ಎರಡಕ್ಕೂ ಓಡಿಸುವವರು ಸಾಮಾನ್ಯವಾಗಿ 200ರ ಆಸುಪಾಸಿನ ಟೈರು ಆರಿಸುತ್ತಾರೆ. ಇನ್ನೂ ಅಂಟುವ ಸೆಮಿ-ಸ್ಲಿಕ್ ಟೈರುಗಳೂ ಇವೆ, ಆದರೆ ಗೀರು ಕಡಿಮೆಯಿರುವುದರಿಂದ ಮಳೆಗಾಲದ ಹೆದ್ದಾರಿಯಲ್ಲಿ ನೀರಿನ ಮೇಲೆ ತೇಲಿಬಿಡುತ್ತವೆ. ಹೊಸಬರು ಮೊದಲ ವರ್ಷ ಸಾಧಾರಣ ಟೈರಿನಲ್ಲೇ ಕಲಿಯುವುದು ಒಳ್ಳೆಯದು. ಅದು ಜಾರುವ ಮೊದಲು ಕೂಗಿ ಹೇಳುತ್ತದೆ.

ಅತಿ ಕಡಿಮೆ ದುಡ್ಡಿಗೆ ಅತಿ ಹೆಚ್ಚು ಫಲ ಕೊಡುವುದು ವೀಲ್ ಅಲೈನ್‌ಮೆಂಟ್. ತಿರುವಿನಲ್ಲಿ ಕಾರು ವಾಲಿದಾಗ ಹೊರಬದಿಯ ಟೈರು ತನ್ನ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಚಕ್ರದ ತಲೆಯನ್ನು ಒಳಕ್ಕೆ ಒಂದೂವರೆ-ಎರಡು ಡಿಗ್ರಿ ವಾಲಿಸಿಟ್ಟರೆ ಅದೇ ತಿರುವಿನಲ್ಲಿ ಟೈರಿನ ಪೂರ್ತಿ ಅಗಲ ನೆಲಕ್ಕೆ ಕೂರುತ್ತದೆ. ಮೊದಲ ತಲೆಮಾರಿನ ಮಿಯಾಟಾದ ನಾಲ್ಕೂ ಚಕ್ರಗಳಿಗೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ ಇದೆ; ಕೆಳಗಿನ ಬೋಲ್ಟು ತಿರುಗಿಸಿಯೇ ಈ ಕೋನ ಹೊಂದಿಸಬಹುದು, ಬಿಡಿಭಾಗ ಕೊಳ್ಳಬೇಕಿಲ್ಲ. ಚಕ್ರಗಳ ಮುಂದಿನ ಅಂಚನ್ನು ಹೊರಕ್ಕೆ ಹೆಚ್ಚು ತೆರೆಯುವುದು ಮಾತ್ರ ಬೇಡ. ಕಾರು ತಿರುವಿಗೆ ಚುರುಕಾಗಿ ಹೊರಳುವುದು ನಿಜ, ಆದರೆ ಹೆದ್ದಾರಿಯಲ್ಲಿ ನೇರ ಹೋಗದೆ ಅಲೆಯುತ್ತದೆ, ಟೈರಿನ ಒಳ ಅಂಚೂ ಬೇಗ ಸವೆಯುತ್ತದೆ. ಚಂದಕ್ಕೆಂದು ಸ್ಪ್ರಿಂಗ್ ಕುಗ್ಗಿಸಿ ಕಾರನ್ನು ತಗ್ಗಿಸುವವರಿಗೂ ಒಂದು ಮಾತು: ಮೊದಲ ತಲೆಮಾರಿನ ಮಿಯಾಟಾದಲ್ಲಿ ಚಕ್ರಕ್ಕೆ ಮೇಲೆ ಕೆಳಗೆ ಆಡಲು ಇರುವ ಜಾಗವೇ ಕಡಿಮೆ. ತಗ್ಗಿಸಿದರೆ ಅದು ರಬ್ಬರ್ ತಡೆಗೆ ಹೊಡೆದು, ತಿರುವಿನ ನಡುವೆಯೇ ಕಾರು ಎಗರುತ್ತದೆ.

ಹಳೆಯ ಮಿಯಾಟಾ ಕೊಂಡವರು ಬಾನೆಟ್ ಎತ್ತಿ ರೇಡಿಯೇಟರಿನ ಪ್ಲಾಸ್ಟಿಕ್ ತಲೆ ನೋಡಬೇಕು. ಹೊಸದರಲ್ಲಿ ಕಪ್ಪಗಿದ್ದದ್ದು ವಯಸ್ಸಾದಂತೆ ಕಂದು ಹಳದಿಗೆ ತಿರುಗುತ್ತದೆ. ಹಾಗಾಗಿದ್ದರೆ ಬಿರುಕು ಬಿಡುವ ದಿನ ದೂರವಿಲ್ಲ. ಇನ್ನೂ ಒಳಗಿನ ಸಂಗತಿಯೊಂದಿದೆ. ಈ ಎಂಜಿನ್ನಿನ ಮೂಲ ಮಾಜ್ದಾ 323 ಎಂಬ ಕಾರು. ಅದರಲ್ಲಿ ಎಂಜಿನ್ ಅಡ್ಡಕ್ಕೆ ಕೂತಿತ್ತು, ಕೂಲಂಟ್ ಒಂದು ತುದಿಯಲ್ಲಿ ಒಳಹೊಕ್ಕು ಇನ್ನೊಂದು ತುದಿಯಲ್ಲಿ ಹೊರಬರುತ್ತಿತ್ತು. ಮಿಯಾಟಾದಲ್ಲಿ ಎಂಜಿನ್ನನ್ನು ಉದ್ದಕ್ಕೆ ಕೂರಿಸಿದಾಗ ಹೊರದಾರಿಯನ್ನೂ ಮುಂದಕ್ಕೇ ತಂದರು. ಹೀಗಾಗಿ ಹಿಂದಿನ ಸಿಲಿಂಡರುಗಳಿಗೆ ತಂಪು ಕಡಿಮೆ. ಬಿಸಿಲ ನಾಡಿನಲ್ಲಿ ಟ್ರ್ಯಾಕಿಗಿಳಿಸುವವರು ಹೊರದಾರಿಯನ್ನು ಮತ್ತೆ ಹಿಂದಕ್ಕೆ ಕೊಂಡೊಯ್ಯುತ್ತಾರೆ. ಕಾರನ್ನು ಓದಿ ತಿದ್ದುವ ಇಂಥ ಕೆಲಸ ಕಂಡರೆ ನನಗೆ ಬಹಳ ಗೌರವ.

ಗಟ್ಟಿ ಟಾಪಿಲ್ಲದ ಕಾರಾದ್ದರಿಂದ ತಲೆಯ ಹಿಂದೆ ಉಕ್ಕಿನ ರೋಲ್ ಬಾರ್ ಬೇಕು. ಟ್ರ್ಯಾಕ್ ಡೇ ನಡೆಸುವ ಹಲವು ಕ್ಲಬ್ಬುಗಳು ಅದಿಲ್ಲದೆ ಒಳಗೆ ಬಿಡುವುದಿಲ್ಲ. ಹೆಲ್ಮೆಟ್ ಹಾಕಿ ಕೂತವನ ಮೇಲೆ, ಮುಂದಿನ ಗಾಜಿನ ಚೌಕಟ್ಟಿನಿಂದ ಬಾರ್‌ವರೆಗೆ ಪೊರಕೆಯ ಕೋಲಿಟ್ಟು ನೋಡುತ್ತಾರೆ. ಹೆಲ್ಮೆಟ್ ಕೋಲಿಗೆ ತಾಗಬಾರದು. ರಸ್ತೆಯಲ್ಲಿ ಹೆಲ್ಮೆಟ್ ಇರುವುದಿಲ್ಲವಾದ್ದರಿಂದ ಬಾರ್‌ಗೆ ಗಟ್ಟಿ ಪ್ಯಾಡಿಂಗ್ ಸುತ್ತಿರಲೇಬೇಕು. ರೋಲ್ ಬಾರ್ ಇಲ್ಲದ ಕಾರಿಗೆ ರೇಸಿನ ಹಾರ್ನೆಸ್ ಬೆಲ್ಟು ಬಿಗಿಯುವುದು ಅಪಾಯ. ಕಾರು ಮಗುಚಿದಾಗ ಆ ಬೆಲ್ಟು ಕೂತವನನ್ನು ಬಗ್ಗಲು ಬಿಡುವುದಿಲ್ಲ.

ಇಷ್ಟಾದ ಮೇಲೆ ದುಡ್ಡು ಉಳಿದರೆ ಎಂಜಿನ್. ಫಿಲ್ಟರು, ಸೈಲೆನ್ಸರುಗಳಿಂದ ಈ ಎಂಜಿನ್ನಿಗೆ ಸಿಗುವುದು ಅಲ್ಪ. ಸದ್ದಿನ ಕಟ್ಟುಪಾಡೂ ಇದೆ: ಕ್ಯಾಲಿಫೋರ್ನಿಯಾದ ಲಗುನಾ ಸೆಕಾ ಟ್ರ್ಯಾಕಿನಲ್ಲಿ ಹಲವು ದಿನ 90 ಡೆಸಿಬೆಲ್ ಆಸುಪಾಸಿನ ಮಿತಿಯಿರುತ್ತದೆ, ಮೀರಿದವರನ್ನು ಹೊರಗೆ ಕರೆಯುತ್ತಾರೆ. ಟರ್ಬೊ ಹಾಕಿಸಿದರೆ ಬಲ ಬರುತ್ತದೆ, ಜೊತೆಗೆ ಬ್ರೇಕು, ರೇಡಿಯೇಟರು, ಕ್ಲಚ್ಚುಗಳ ಲೆಕ್ಕವನ್ನೆಲ್ಲ ಮತ್ತೆ ಮೊದಲಿನಿಂದ ಹಾಕಬೇಕಾಗುತ್ತದೆ.

ಮಿಯಾಟಾ ಭಾರತದಲ್ಲಿ ಅಧಿಕೃತವಾಗಿ ಮಾರಾಟವಾಗಿಲ್ಲ. ಆದರೆ ಬೆಂಗಳೂರಿನಿಂದ ತಮ್ಮ ಕಾರುಗಳಲ್ಲಿ ಚೆನ್ನೈ ಬಳಿಯ ಇರುಂಗಾಟುಕೋಟೈ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗುವವರಿಗೂ ಈ ಕ್ರಮ ಹಾಗೇ ಅನ್ವಯಿಸುತ್ತದೆ. ಒಂದು ವ್ಯತ್ಯಾಸ ಕಾನೂನಿನದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ಆರ್‌ಸಿಯಲ್ಲಿರುವ ವಿವರ ಬದಲಾಗುವಂತೆ ಕಾರನ್ನು ಮಾರ್ಪಡಿಸುವ ಹಾಗಿಲ್ಲ. ಎಂಜಿನ್ ಬದಲಿಸಬೇಕೆಂದರೆ ಆರ್‌ಟಿಒ ಒಪ್ಪಿಗೆ ಬೇಕು. ತಪ್ಪಿದರೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು. ಬ್ರೇಕ್ ಆಯಿಲು, ಪ್ಯಾಡು, ಅಲೈನ್‌ಮೆಂಟುಗಳು ಆರ್‌ಸಿಯ ಯಾವ ಸಾಲನ್ನೂ ಮುಟ್ಟುವುದಿಲ್ಲ. ಊರಿನ ಒಳ್ಳೆಯ ಗ್ಯಾರೇಜೊಂದರಲ್ಲಿ ಒಂದೇ ದಿನದಲ್ಲಿ ಮುಗಿಯುವ ಕೆಲಸ ಅದು.